ಅಪ್ಪ ಹಿಂದಿನ ಸೀಟಿನಲ್ಲಿ ಕೂತ ದಿನ

ಒದ್ದೆ ಉಣ್ಣೆಯ ವಾಸನೆ ಬಂದರೆ ನನಗೆ ಈಗಲೂ ಐರ್ಲೆಂಡಿನ ಆ ಮಧ್ಯಾಹ್ನ ನೆನಪಾಗುತ್ತದೆ.

ನಾವು ವಿದೇಶದಲ್ಲಿ, ಫೆಲ್ಥಮ್ ಎಂಬ ಊರಿನಲ್ಲಿದ್ದಾಗ ಅಪ್ಪ ಹಗಲು ರಾತ್ರಿ ಎನ್ನದೆ ವಿಮಾನ ನಿಲ್ದಾಣದ ಟ್ಯಾಕ್ಸಿ ಓಡಿಸುತ್ತಿದ್ದರು. ಐರ್ಲೆಂಡ್ ನೋಡಲು ಹೋದಾಗ ಅವ್ವ ಹಟ ಹಿಡಿದು, ಡ್ರೈವರ್ ಸಮೇತ ಕಾರು ಗೊತ್ತುಮಾಡಿಸಿದ್ದಳು. ಡಬ್ಲಿನ್ ದಾಟುವವರೆಗೂ ಅಪ್ಪ ಹಿಂದೆ ಕೂತೇ, ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಿದ್ದರು. ಆಮೇಲೆ ಅವ್ವನ ಹೆಗಲಿಗೆ ಒರಗಿ ನಿದ್ದೆಹೋದರು.

ಹಸಿರು ಗುಡ್ಡದ ತಿರುವಿನಲ್ಲಿ ಕುರಿಗಳು ರಸ್ತೆ ತುಂಬಿ ನಿಂತಿದ್ದವು. ಮುದುಕ ಡ್ರೈವರ್ ಕನ್ನಡಿಯಲ್ಲಿ ಅಪ್ಪನನ್ನು ನೋಡಿದ, ಹಾರ್ನ್ ಹೊಡೆಯಲಿಲ್ಲ. ಮಳೆಯಲ್ಲೇ ಇಳಿದು, ಒಂದೊಂದೇ ಕುರಿಯನ್ನು ಕೈಯಿಂದ ಮೆಲ್ಲಗೆ ಸರಿಸಿದ. ಒಳಬಂದಾಗ ಅವನ ಕೋಟಿನ ತುಂಬ ಕುರಿಯ ವಾಸನೆ.

ಕಾರು ಹೊರಟಾಗ ಅಪ್ಪ ಬೆಚ್ಚಿ ಎದ್ದರು. "ಎಲ್ಲಿ ಬಂದ್ವಿ? ಗಾಡಿ ನಾ ಹೊಡೀಲೇನು?"

"ಮಲ್ಕೊಳ್ರಿ," ಎಂದಳು ಅವ್ವ. "ಇವತ್ತ ನಿಮ್ಮ ಪಾಳಿ ಇಲ್ಲ."