ಸ್ವಾಗತದ ಪೆಟ್ಟಿಗೆ

“ಸ್ವಾಗತ,” ಎಂದಿತು ಕಂಪ್ಯೂಟರ್, ಮತ್ತೆ. ವೆಬ್ ಡಿಸೈನ್ ಕಲಿಯುತ್ತಿದ್ದ ತಂಗಿ ಪರದೆಗೆ ಟವೆಲ್ ಹೊದಿಸಿ, ಪುಟವನ್ನು ಓದಿ ಹೇಳುವ ಹೊಸ ತಂತ್ರಾಂಶ ಹಾಕಿಕೊಂಡು, ತಾನೇ ಮಾಡಿದ ಸೈಟಿನೊಳಗೆ ತಡಕಾಡುತ್ತಿದ್ದಳು. ಮುಂದಕ್ಕೆ ಸರಿಯಲು ಟ್ಯಾಬ್ ಕೀ ಒತ್ತಿದರೆ “ಬಟನ್”. ಇನ್ನೊಮ್ಮೆ ಒತ್ತಿದರೂ “ಬಟನ್”. ಆಮೇಲೆ ಅದೇ “ಸ್ವಾಗತ”. ಪುಟ ತೆರೆದ ಕೂಡಲೇ ಎದುರಿಗೆ ಬಂದು ನಿಲ್ಲುವ ಈ ಪೆಟ್ಟಿಗೆಯನ್ನೇ ಮೇಷ್ಟ್ರು ಹೊಗಳಿ ಅಟ್ಟಕ್ಕೇರಿಸಿದ್ದರು. ಅದನ್ನು ಮುಚ್ಚುವ ಗುರುತು ಮೌಸಿಗೆ ಮಾತ್ರ ಬಗ್ಗುವಂತೆ ಮಾಡಿದ್ದವಳು ಇವಳೇ. ನಾಳೆಯಿಂದ ಈ ಸೈಟು ಅಣ್ಣ ಪುಸ್ತಕ ತರುವ ಗ್ರಂಥಾಲಯದ್ದು.

“ಅಣ್ಣಾ, ಮೌಸ್ ಕೊಡೋ.”

“ನಾನು ಅದನ್ನ ಮುಟ್ಟಿ ಎಷ್ಟು ಕಾಲ ಆಯ್ತು! ನೀನೂ ಸ್ವಲ್ಪ ಹೊತ್ತು ಬಿಟ್ಟಿರು,” ಎಂದು ಕಣ್ಣು ಕಾಣದ ಅಣ್ಣ ಮೌಸನ್ನು ಜೇಬಿಗಿಳಿಸಿ ನಕ್ಕ.

ಬಟನ್. ಬಟನ್. ಸ್ವಾಗತ. ತಡೆಯಲಾರದೆ ಟವೆಲ್ ಕಿತ್ತೆಸೆದಳು. ಮುಚ್ಚುವ ಗುರುತು ಮೂಲೆಯಲ್ಲಿ ಕೆಂಪಗೆ, ಅಂದವಾಗಿ ಹೊಳೆಯುತ್ತಿತ್ತು. “ಅಬ್ಬಾ, ಇಲ್ಲೇ ಇದೆ!” ಎಂದಳು.

ಅಣ್ಣ ಕೀಬೋರ್ಡನ್ನು ತನ್ನತ್ತ ಎಳೆದುಕೊಂಡು ಟ್ಯಾಬ್ ಒತ್ತಿದ.

“ಬಟನ್,” ಎಂದಿತು ಕಂಪ್ಯೂಟರ್.

“ನೀನು ಹೊರಗೆ ಬಂದೆ ಬಿಡು,” ಎಂದ ಅವನು. “ನಾನಿನ್ನೂ ಒಳಗೇ ಇದ್ದೀನಿ.”