ಬ್ರೇಕ್ ಅಕ್ಕನ ಬಾಯಿ

ಲಾಂಡ್ರಿಯವಳು ಡ್ರೈವಿಂಗ್ ಸ್ಕೂಲಿನ ಒಳಗೆ ನುಗ್ಗಿದವಳೇ ತನ್ನ ವ್ಯಾನಿನ ಕೀಲಿಕೈಯನ್ನು ಯಜಮಾನನ ಮೇಜಿನ ಮೇಲೆ ಬಿಸಾಕಿದಳು. ಅದು ಜಾರಿಕೊಂಡು ಹೋಗಿ ಅವನ ಕಾಫಿ ಲೋಟಕ್ಕೆ ಬಡಿಯಿತು.

"ತಗೊಳ್ಳಿ, ನೀವೇ ಇಟ್ಕೊಳ್ಳಿ! ನಿಮ್ಮ ಹತ್ರ ಕಲಿತು ಲೈಸೆನ್ಸ್ ಕೈಗೆ ಬಂದು ಇನ್ನೂ ತಿಂಗಳಾಗಿಲ್ಲ, ಎಂಜಿನ್ ಸುಟ್ಟು ಕೂತಿದೆ!"

ಬೆಂಚಿನ ಮೇಲೆ ಪಾಠಕ್ಕೆ ಕಾಯುತ್ತಿದ್ದವರೆಲ್ಲ ತಲೆ ಎತ್ತಿದರು. ಹೊರಗೆ ಕಾರು ಒರೆಸುತ್ತಿದ್ದ ಬ್ರೇಕ್ ಅಕ್ಕ ಬಟ್ಟೆ ಬಿಟ್ಟು ಓಡಿಬಂದಳು. ಕಲಿಯುವವರ ಪಕ್ಕ ಕೂತು, ತನ್ನ ಕಾಲಡಿಯ ಎರಡನೇ ಬ್ರೇಕನ್ನು ಒತ್ತಿ ಒತ್ತಿಯೇ ಅವಳಿಗೆ ಆ ಹೆಸರು ಬಿದ್ದದ್ದು. ಲಾಂಡ್ರಿಯವಳಿಗೆ ಸ್ಟೀರಿಂಗ್ ಹಿಡಿಯಲು ಕಲಿಸಿದವಳೂ ಅವಳೇ.

"ಏನಾಯ್ತೇ? ಸರಿಯಾಗಿ ಹೇಳು."

"ಏನಂತ ಹೇಳಲಿ ಅಕ್ಕ? ಆಸ್ಪತ್ರೆ ಚಾದರ ತುಂಬ್ಕೊಂಡು ಹೊರಟೆ. ಕೂಂ ಕೂಂ ಅಂತ ಶುರುವಾಯ್ತು. ಸೀಟ್ ಬೆಲ್ಟ್ ಸರಿ ಇಲ್ವೇನೋ ಅಂತ ಬಿಚ್ಚಿ ಮತ್ತೆ ಹಾಕಿದೆ. ಬಾಗಿಲು ನೋಡಿದೆ, ಭದ್ರವಾಗೇ ಇತ್ತು. ಹಾಳಾಗಿ ಹೋಗ್ಲಿ ಅಂತ ರೇಡಿಯೋ ಜೋರು ಮಾಡ್ಕೊಂಡೆ. ಈಗ ರಿಪೇರಿಯವನು ನಗ್ತಾನೆ. ಎಂಜಿನ್ ಎಣ್ಣೆ ಖಾಲಿಯಾದ್ರೆ ಗಾಡಿ ಹಾಗೇ ಕೂಗೋದು, ಅಷ್ಟೂ ಹೇಳ್ಕೊಡಲಿಲ್ವಾ ಅಂತಾನೆ. ಯಾರು ಹೇಳ್ಕೊಟ್ರು? ನಿಮ್ಮ ಕಾರು ಒಂದಿನವಾದ್ರೂ ಕೂಗಿದ್ದುಂಟಾ?"

ಗೇಟಿನ ಹತ್ತಿರ ಒಂದು ತಳ್ಳುಗಾಡಿ ನಿಂತಿತ್ತು. ಅದರ ತುಂಬ ಬಿಳಿ ಗಂಟುಗಳು. ವ್ಯಾನು ಕೆಟ್ಟ ಜಾಗದಿಂದ ಅಷ್ಟನ್ನೂ ಅವಳೇ ತಳ್ಳಿಕೊಂಡು ಬಂದಿದ್ದಳು. ಸಂಜೆಯೊಳಗೆ ಅವು ಆಸ್ಪತ್ರೆ ಸೇರದಿದ್ದರೆ ಕೆಲಸ ಬೇರೆಯವರ ಪಾಲು. ಹಾಗೆಂದು ಆಸ್ಪತ್ರೆಯವರು ಫೋನಿನಲ್ಲಿ ಹೇಳಿಯೂ ಆಗಿತ್ತು.

ಯಜಮಾನ ಲೋಟವನ್ನು ಪಕ್ಕಕ್ಕೆ ಸರಿಸಿದ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾವು ಗಾಡಿ ಓಡಿಸೋದು ಕಲಿಸ್ತೀವಮ್ಮ, ರಿಪೇರಿ ಅಲ್ಲ."

ಬ್ರೇಕ್ ಅಕ್ಕನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಸ್ಕೂಲಿನ ಕಾರು ಎಣ್ಣೆ ಸೋರುತ್ತಿತ್ತು, ಲಾಂಡ್ರಿಯವಳು ಸೇರುವ ಮೊದಲು ಪಾಠದ ನಡುವೆ ಕೂಗುತ್ತಲೂ ಇತ್ತು. ಕಲಿಯುವವರು ಗಾಬರಿಬಿದ್ದು ನಡುರಸ್ತೆಯಲ್ಲೇ ನಿಲ್ಲಿಸುತ್ತಿದ್ದರು. ಕೆಲವರು ಇದು ಡಬ್ಬಾ ಕಾರು ಎಂದು ಎದುರಿನ ಸ್ಕೂಲಿಗೆ ಸೇರಿಕೊಂಡರು. ಸೋರಿಕೆ ಸರಿಮಾಡಿಸುವ ಬದಲು ಈ ಮಹಾನುಭಾವ ಕೂಗುವ ವೈರನ್ನೇ ಕತ್ತರಿಸಿ ಹಾಕಿದ. ಕೆಂಪು ದೀಪ ಹೊತ್ತಿಕೊಂಡರೆ, ಹಳೇ ಗಾಡಿ, ಅದಿರೋದೇ ಹಾಗೆ ಎಂದುಬಿಡಬೇಕು ಎಂದು ಅವಳಿಗೆ ಕಟ್ಟಪ್ಪಣೆ ಬೇರೆ. ಹೆಂಗಸಿಗೆ ಕಲಿಸುವವರ ಸೀಟು ಕೊಡುವ ಸ್ಕೂಲು ಊರಲ್ಲಿ ಇನ್ನೊಂದಿರಲಿಲ್ಲ. ಅನ್ನದ ಪ್ರಶ್ನೆ ಎಂದು ಬಾಯಿ ಮುಚ್ಚಿಕೊಂಡಿದ್ದಳು. ತೂ, ಅದೆಷ್ಟು ಜನರನ್ನು ಕಿವುಡರನ್ನಾಗಿ ಮಾಡಿ ರಸ್ತೆಗೆ ಬಿಟ್ಟೆನೋ ಎನಿಸಿತು.

"ಕಾರು ಕೊಡಿ. ಗಂಟು ತಲುಪಿಸಿ ಬರ್ತೀವಿ."

"ಇದೇನು ಧರ್ಮಛತ್ರವಾ? ಪಾಠದ ಹೊತ್ತಾಯ್ತು, ಹೊರಡು."

"ಆಯ್ತು. ಪಾಠನೇ ಮಾಡ್ತೀನಿ," ಎಂದಳು ಬ್ರೇಕ್ ಅಕ್ಕ.

ಸರದಿ ಒಬ್ಬ ಹಲ್ಲಿನ ಡಾಕ್ಟರದು. ಆತ ಬೆವರುತ್ತ ಕಾರನ್ನು ಗೇಟಿನಿಂದ ರಸ್ತೆಗೆ ಇಳಿಸಿದನೋ ಇಲ್ಲವೋ, ಕೆಂಪು ದೀಪ ಹೊತ್ತಿಕೊಂಡಿತು. ಬ್ರೇಕ್ ಅಕ್ಕ ಎದೆ ತುಂಬ ಉಸಿರೆಳೆದು, ಇದ್ದಬದ್ದ ಗಂಟಲೆಲ್ಲ ಸೇರಿಸಿ ಕೂಗಿದಳು: "ಕೂಂ! ಕೂಂ! ಕೂಂ!"

ಡಾಕ್ಟರು ಸ್ಟೀರಿಂಗ್ ಬಿಟ್ಟು ಎರಡೂ ಕೈ ಮೇಲೆತ್ತಿದ. ಬ್ರೇಕು ಅವಳ ಕಾಲಡಿಯಲ್ಲೇ ಇತ್ತು. ಕಾರು ರಸ್ತೆಗೆ ಅಡ್ಡಲಾಗಿ ನಿಂತಿತು. ಕೈ ಚಾಚಿ ಎಂಜಿನ್ ಆರಿಸಿದಳು, ಬಾಯಿ ಮಾತ್ರ ಆರಲಿಲ್ಲ.

"ಅಕ್ಕ, ಏನಾಯ್ತು? ಹಲ್ಲು ನೋವಾ?"

"ಕೂಂ!"

ಹಿಂದೆ ಬಸ್ಸು, ಅದರ ಹಿಂದೆ ಲಾರಿ, ಸಂದಿಯಲ್ಲೆಲ್ಲ ಸ್ಕೂಟರು. ಅಷ್ಟೂ ಹಾರ್ನುಗಳನ್ನು ಮೀರಿಸಿ ಅವಳ ಗಂಟಲು ಕೇಳುತ್ತಿತ್ತು. ಯಜಮಾನ ಬರಿಗಾಲಲ್ಲಿ ಓಡಿಬಂದ.

"ಹುಚ್ಚು ಹಿಡೀತಾ ನಿನಗೆ? ಬೀದೀಲಿ ಮಾನ ಕಳೀತಿದೀಯಲ್ಲ!"

"ನನಗೇನೂ ಆಗಿಲ್ಲ. ಎಂಜಿನ್ನಿಗೆ ಎಣ್ಣೆ ಇಲ್ಲ. ಕೂಂ!"

"ಬಾಯಿ ಮುಚ್ಚೇ!"

"ವೈರಾದ್ರೆ ಕತ್ತರಿಸಿದ್ರಿ. ಇದನ್ನ ಹೇಗೆ ಕತ್ತರಿಸ್ತೀರೋ ನೋಡೇಬಿಡ್ತೀನಿ. ಕೂಂ!"

"ನಾಳೆಯಿಂದ ಕೆಲಸಕ್ಕೆ ಬರಬೇಡ!"

"ಬರಲ್ಲ! ಕೂಂ!"

ಬಸ್ಸಿನ ಡ್ರೈವರು ಕಿಟಕಿಯಿಂದ ಅರ್ಧ ಮೈ ಹೊರಹಾಕಿದ. "ಏ ಪುಣ್ಯಾತ್ಮ, ಎಣ್ಣೆ ಹಾಕಯ್ಯ ಮೊದಲು! ಆ ಯಮ್ಮ ಸತ್ತುಗಿತ್ತು ಹೋದಾಳು!" ಬೆಂಚಿನ ಜನವೆಲ್ಲ ಗೇಟಿಗೆ ಬಂದು ನಿಂತಿತ್ತು. ಯಜಮಾನ ಹಲ್ಲು ಕಡಿಯುತ್ತ ಒಳಗೆ ಹೋಗಿ ಡಬ್ಬಿ ತಂದ, ಬಾನೆಟ್ ಎತ್ತಿದ, ಅವಸರದಲ್ಲಿ ಸುರಿದ. ಅರ್ಧ ಎಂಜಿನ್ನಿಗೆ ಹೋಯಿತು, ಅರ್ಧ ಅವನ ಬಿಳಿ ಅಂಗಿಗೆ.

"ಹಾಕಿದೆ. ಆಯ್ತಲ್ಲ? ಇನ್ನಾದ್ರೂ ನಿಲ್ಲಿಸು ತಾಯಿ."

ಬ್ರೇಕ್ ಅಕ್ಕ ಕೂತಲ್ಲಿಂದಲೇ ಹಿಂದಕ್ಕೆ ಬಾಗಿ ಹಿಂದಿನ ಸೀಟಿನ ಬಾಗಿಲು ತೆರೆದಳು. ಗಂಟಲು ಒಡೆದುಹೋಗಿತ್ತು. ಬೆರಳಲ್ಲಿ ತಳ್ಳುಗಾಡಿಯನ್ನು ತೋರಿಸಿ, ಒಡೆದ ಗಂಟಲಲ್ಲೇ ಮತ್ತೆ ಶುರುಮಾಡಿದಳು.

ಯಜಮಾನ ಬಸ್ಸಿನ ಕಡೆ ನೋಡಿದ, ಗೇಟಿನಲ್ಲಿ ನಿಂತವರ ಕಡೆ ನೋಡಿದ. ಸರಸರನೆ ತಳ್ಳುಗಾಡಿಗೆ ಹೋಗಿ ಮೇಲಿನ ಗಂಟಿಗೆ ಎರಡೂ ಕೈ ಚಾಚಿದ.

"ಮುಟ್ಟಬೇಡಿ!" ಲಾಂಡ್ರಿಯವಳು ಗುಡುಗಿದಳು. "ಮೊದಲು ಕೈ ತೊಳ್ಕೊಂಡು ಬನ್ನಿ."