ಹೈಡ್ರೋಜನ್ ಪಂಪಿನ ಮುಂದೆ

ಒಳಗೆ ಹರಿದ ಹೈಡ್ರೋಜನ್ನಿನ ತಂಪಿಗೆ ಪೈಪಿನ ಮೂತಿ ಹೆಪ್ಪುಗಟ್ಟಿ ಕಾರಿಗೇ ಕಚ್ಚಿಕೊಂಡಿತ್ತು. ನಟರಾಜ ಅದನ್ನು ಎರಡೂ ಅಂಗೈಗಳಲ್ಲಿ ಹಿಡಿದು ಬಿಸಿಯುಸಿರು ಊದುತ್ತಿದ್ದ. ಫ್ಲ್ಯಾಟ್ ಬುಷ್ ಬಡಾವಣೆಯ ಅವರ ಮನೆಗೆ ಹತ್ತಿರವೆಂದರೆ ಇದೊಂದೇ ಪಂಪು.

“ರೀ, ಟ್ಯಾಕ್ಸಿ ಕರೀತೀನಿ,” ಎಂದಳು ಕಾರಿನೊಳಗಿದ್ದ ಹೆಂಡತಿ ಶ್ರೀಲಕ್ಷ್ಮಿ. ದೂರದ ಹ್ಯಾಮಿಲ್ಟನ್ ಊರಿನ ಆಸ್ಪತ್ರೆಯಲ್ಲಿ ಅವಳ ಅಣ್ಣ ಕೊನೆಯುಸಿರು ಎಳೆಯುತ್ತಿದ್ದ.

“ಬೇಡ, ಈಗ ಬಿಟ್ಕೊಳ್ಳತ್ತೆ,” ಎಂದು ನಟರಾಜ ಮತ್ತೆ ಅದನ್ನೇ ಹೇಳಿದ. ಮುಂದಿನ ಕಾಲದ ಕಾರು ಇದೇ ಎಂದು ಎಲ್ಲರೊಡನೆ ವಾದಿಸಿ ತಂದವನು ಅವನು. ಇಲ್ಲೇ ಬಿಟ್ಟು ಹೋಗಲು ಮನಸ್ಸೊಪ್ಪಲಿಲ್ಲ.

ಅಷ್ಟರಲ್ಲಿ ಅವಳಿಗೆ ಅತ್ತಿಗೆಯ ಫೋನು ಬಂತು. ಶ್ರೀಲಕ್ಷ್ಮಿ ಕೇಳಿಸಿಕೊಂಡು ಫೋನನ್ನು ಮಡಿಲಲ್ಲಿಟ್ಟುಕೊಂಡಳು. ಮೂತಿ ಟಕ್ಕೆಂದು ಕಳಚಿ ನಟರಾಜನ ಕೈಗೆ ಬಂತು. ಅವನು ಓಡಿಬಂದು ಸೀಟಿನಲ್ಲಿ ಕೂತು, “ಬಂತು ಕಣೇ, ಬೇಗ ಹೋಗ್ಬಿಡೋಣ,” ಎಂದ.

“ನಿಧಾನಕ್ಕೇ ಓಡ್ಸಿ,” ಎಂದಳು ಶ್ರೀಲಕ್ಷ್ಮಿ. “ಇನ್ನು ಅವಸರ ಇಲ್ಲ.”